ಪುಟವನ್ನು ಎಲ್ಲಿ ಜೋಡಿಸಬೇಕು, ಎಲ್ಲಿ ಕತ್ತರಿಸಬೇಕು

ಸುದ್ದಿತಾಣವೊಂದನ್ನು ತೆರೆದ ಓದುಗರಿಗೆ ಕಾಣುವುದು ಒಂದು ಪುಟ. ಅದನ್ನು ಕಟ್ಟುವವರಿಗೆ ಮಾತ್ರ ಅದು ಹತ್ತಾರು ಚೂರುಗಳ ಕಂತೆ: ಮೇಲೆ ಪತ್ರಿಕೆಯ ಹೆಸರು, ಹವಾಮಾನ, ಲಾಗಿನ್ ಆಗಿದ್ದರೆ ಚಂದಾದಾರರ ಹೆಸರು, ಅವುಗಳ ಕೆಳಗೆ ವಿಭಾಗಗಳ ಮೆನು, ನಡುವೆ ಸುದ್ದಿ, ಪಕ್ಕದಲ್ಲಿ ಇದೇ ವಿಷಯದ ಹಳೆಯ ವರದಿಗಳು, ತಳದಲ್ಲಿ ವಿಳಾಸ. ಇವುಗಳಲ್ಲಿ ಹೆಚ್ಚಿನವು ತಾಣದ ಎಲ್ಲ ಪುಟಗಳಲ್ಲೂ ಬರುತ್ತವೆ. ಪ್ರತಿ ಪುಟದಲ್ಲೂ ಬೇರೆ ಬೇರೆ ಬರೆದಿಟ್ಟರೆ ಮೆನುವಿಗೆ ಹೊಸ ವಿಭಾಗವೊಂದನ್ನು ಸೇರಿಸಲು ಸಾವಿರ ಕಡತ ತಿದ್ದಬೇಕು. ಒಂದೆಡೆ ಬರೆದು ಎಲ್ಲೆಡೆ ಬಳಸಿದರೆ ಒಂದು ಕಡತ ಸಾಕು. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಶುರುವಾಗುವುದು ಮುಂದಿನ ಎರಡು ಪ್ರಶ್ನೆಗಳಲ್ಲಿ. ಈ ಬಿಡಿಭಾಗಗಳನ್ನು ಎಲ್ಲಿ ಜೋಡಿಸಬೇಕು, ಸರ್ವರ್‌ನಲ್ಲೋ ಓದುಗರ ಬ್ರೌಸರ್‌ನಲ್ಲೋ? ಪುಟವನ್ನು ಬಿಡಿಭಾಗಗಳಾಗಿ ಎಲ್ಲಿ ಕತ್ತರಿಸಬೇಕು? ಮುಖ್ಯವಾಗಿ ಓದುವುದಕ್ಕೆಂದೇ ಇರುವ ಪುಟಗಳನ್ನು ಸರ್ವರ್‌ನಲ್ಲಿ ಜೋಡಿಸುವುದೇ ಸರಿ ಎಂಬುದು ನನ್ನ ವಾದ. ಆದರೆ ಅದರ ಲಾಭ ಕೈಗೆ ಸಿಗುತ್ತದೋ ಇಲ್ಲವೋ ಎಂಬುದು ನಿಂತಿರುವುದು ಎರಡನೆಯ ಪ್ರಶ್ನೆಯ ಮೇಲೆ. ಕತ್ತರಿಸುವಾಗ ಕಣ್ಣಿಗೆ ಕಾಣುವ ಚೌಕಟ್ಟಿಗಿಂತ ಮುಖ್ಯವಾಗಿ, ಆ ಭಾಗ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ, ಯಾರ್ಯಾರಿಗೆ ಬೇರೆಯಾಗಿ ಕಾಣಬೇಕು ಎಂದು ನೋಡಬೇಕು.

ಸರ್ವರ್‌ನಲ್ಲಿ ಪುಟ ಜೋಡಿಸುವ ಕೆಲಸ ವೆಬ್‌ನಷ್ಟೇ ಹಳೆಯದು. 1990ರ ದಶಕದ ಮೊದಲರ್ಧದಲ್ಲೇ ಸರ್ವರ್ ಸೈಡ್ ಇನ್‌ಕ್ಲೂಡ್ ಎಂಬ ಸೌಲಭ್ಯ ಬಂದಿತ್ತು. ಎಚ್‌ಟಿಎಂಎಲ್ ಕಡತದ ಒಳಗೆ ಕಾಮೆಂಟ್‌ನ ರೂಪದಲ್ಲಿ ಒಂದು ಸಾಲು ಬರೆದರೆ ಸರ್ವರ್ ಆ ಜಾಗಕ್ಕೆ ಇನ್ನೊಂದು ಕಡತವನ್ನು ತಂದು ಅಂಟಿಸಿ ಕಳಿಸುತ್ತಿತ್ತು. ಅಪಾಚೆ, ಎಂಜಿನ್‌ಎಕ್ಸ್ ಎರಡರಲ್ಲೂ ಅದು ಇಂದಿಗೂ ಇದೆ. ನಾಲ್ಕು ಪುಟದ ಶಾಲಾ ತಾಣಕ್ಕೆ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇಲ್ಲ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರತಂದ ಪಿಎಚ್‌ಪಿ ಇದೇ ಜಾಡಿನಲ್ಲಿ ಮುಂದುವರಿದು, ಅಂಟಿಸುವ ಕಡತದೊಳಗೆ ಲೆಕ್ಕಾಚಾರವನ್ನೂ ಡೇಟಾಬೇಸಿನ ಪ್ರಶ್ನೆಯನ್ನೂ ಬರೆಯಲು ಬಿಟ್ಟಿತು. ಅಮೆರಿಕದ ಕಾನ್ಸಾಸ್‌ನ ಲಾರೆನ್ಸ್ ಪಟ್ಟಣದ ಸ್ಥಳೀಯ ಪತ್ರಿಕೆಯೊಂದರ ವೆಬ್ ವಿಭಾಗದಲ್ಲಿ ಹುಟ್ಟಿ 2005ರಲ್ಲಿ ಎಲ್ಲರಿಗೂ ಮುಕ್ತವಾದ ಜಾಂಗೊ ಇನ್ನೊಂದು ಒಳ್ಳೆಯ ವಿಚಾರವನ್ನು ಬಳಕೆಗೆ ತಂದಿತು. ಅದರಲ್ಲಿ ಮೂಲ ಪುಟವೊಂದು ಚೌಕಟ್ಟನ್ನು ಹಾಕಿ ಖಾಲಿ ಜಾಗಗಳಿಗೆ ಹೆಸರಿಡುತ್ತದೆ. ಅದರಿಂದ ಹುಟ್ಟುವ ಪುಟಗಳು ತಮಗೆ ಬೇಕಾದ ಜಾಗವನ್ನು ಮಾತ್ರ ತುಂಬುತ್ತವೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಪತ್ರಿಕೆಯ ಹೆಸರಿನ ಬ್ಲಾಕನ್ನು ಕಳಚದೆ ಹಾಗೇ ಇಟ್ಟುಕೊಂಡು, ದಿನದ ಸುದ್ದಿಯ ಮೊಳೆಗಳನ್ನಷ್ಟೇ ಹೊಸದಾಗಿ ಕಟ್ಟುತ್ತಿದ್ದರಲ್ಲ, ಇದೂ ಅದೇ ತರ್ಕ.

ಹೀಗಿರುವಾಗ ಜೋಡಣೆ ಬ್ರೌಸರ್‌ಗೆ ಹೋದದ್ದೇಕೆ? ಕಾರಣಗಳು ಹುಸಿಯಾಗಿರಲಿಲ್ಲ. ನಕಾಶೆಯನ್ನು ಎಳೆದಾಡುವುದು, ಪತ್ರ ಟೈಪಿಸುತ್ತಿರುವಾಗಲೇ ಉಳಿಸುವುದು, ಹರಟೆಯ ಸಂದೇಶ ಆ ಕ್ಷಣವೇ ಕಾಣಿಸುವುದು, ಇಂಥವಕ್ಕೆಲ್ಲ ಪ್ರತಿ ಸಲ ಪೂರ್ತಿ ಪುಟವನ್ನು ಸರ್ವರ್‌ನಿಂದ ತರಿಸುವುದು ಹೊಂದುವುದಿಲ್ಲ. 2013ರಲ್ಲಿ ಹೊರಬಂದ ರಿಯಾಕ್ಟ್‌ನಂಥ ಲೈಬ್ರರಿಗಳು ಈ ಕೆಲಸವನ್ನು ಬಿಡಿಭಾಗಗಳ ಭಾಷೆಯಲ್ಲಿ ಬಹಳ ಅಚ್ಚುಕಟ್ಟಾಗಿ ಮಾಡಿಕೊಟ್ಟವು. ಎಡವಟ್ಟಾದದ್ದು ಅದೇ ಸಲಕರಣೆಯನ್ನು ಸುದ್ದಿ, ಪಾಕವಿಧಾನ, ಸರ್ಕಾರಿ ಸುತ್ತೋಲೆ, ಪರೀಕ್ಷೆಯ ಫಲಿತಾಂಶಗಳಿಗೂ ಹಚ್ಚಿದಾಗ. ಓದಲು ನಾಲ್ಕು ಪ್ಯಾರಾ ಇರುವ ಪುಟಕ್ಕೆ ಬ್ರೌಸರ್ ಮೊದಲು ಖಾಲಿ ಎಚ್‌ಟಿಎಂಎಲ್ ತರಿಸುತ್ತದೆ, ಆಮೇಲೆ ಜಾವಾಸ್ಕ್ರಿಪ್ಟ್ ಕಟ್ಟು ಇಳಿಸಿಕೊಂಡು ಓಡಿಸುತ್ತದೆ, ಅದು ಮತ್ತೆ ಸರ್ವರ್‌ನ ಬಳಿ ಮಾಹಿತಿ ಕೇಳುತ್ತದೆ, ಬಂದ ಮೇಲೆ ಅಕ್ಷರ ಮೂಡಿಸುತ್ತದೆ. ಒಳ್ಳೆಯ ಲ್ಯಾಪ್‌ಟಾಪ್‌ನಲ್ಲಿ ಇದು ಗೊತ್ತೇ ಆಗದಿರಬಹುದು. ಸಿಗ್ನಲ್ ಕಡಿಮೆಯಿರುವ ಊರಿನಲ್ಲಿ, ಅಗ್ಗದ ಫೋನಿನಲ್ಲಿ, ಈ ಒಂದೊಂದು ಹೆಜ್ಜೆಯೂ ಕಾಯುವ ಹೊತ್ತನ್ನು ಬೆಳೆಸುತ್ತದೆ.

ಕನ್ನಡದ ತಾಣಗಳಿಗೆ ಇದರಲ್ಲಿ ಇನ್ನೂ ಒಂದು ಭಾರವಿದೆ, ಅದರ ಬಗ್ಗೆ ನಾವು ಸಾಕಷ್ಟು ಮಾತಾಡಿಲ್ಲ ಎನಿಸುತ್ತದೆ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿಯೊಂದು ವ್ಯಂಜನ, ಸ್ವರಚಿಹ್ನೆ, ಹಲಂತಕ್ಕೂ 3 ಬೈಟ್ ಬೇಕು. ಸರ್ವರ್‌ನಲ್ಲಿ ಪುಟ ಸಿದ್ಧಪಡಿಸಿ ಬ್ರೌಸರ್‌ನಲ್ಲಿ ಅದಕ್ಕೆ ಮತ್ತೆ ಜೀವ ತುಂಬುವ, ಹೈಡ್ರೇಶನ್ ಎಂದು ಕರೆಯುವ ಪದ್ಧತಿಯಲ್ಲಿ ಒಂದೇ ಬರಹ ಎರಡು ಸಲ ಹೋಗುತ್ತದೆ: ಒಮ್ಮೆ ಓದಲು ಎಚ್‌ಟಿಎಂಎಲ್ ಆಗಿ, ಇನ್ನೊಮ್ಮೆ ಜಾವಾಸ್ಕ್ರಿಪ್ಟ್‌ಗೆಂದು ಜೆಸನ್ ಆಗಿ. ಪಿಎಚ್‌ಪಿ ಮತ್ತು ಪೈಥಾನ್‌ನ ಜೆಸನ್ ಸೌಲಭ್ಯಗಳು, ಬೇಡವೆಂದು ಹೇಳದಿದ್ದರೆ, ಪ್ರತಿ ಕನ್ನಡ ಸಂಕೇತವನ್ನೂ 6 ಅಕ್ಷರದ ಕೋಡ್ ಆಗಿ ಬರೆದಿಡುತ್ತವೆ. 3 ಬೈಟ್‌ನ ಜಾಗದಲ್ಲಿ 6 ಬೈಟ್, ಅದೂ ಎಚ್‌ಟಿಎಂಎಲ್‌ನ ಮೂಲ ಪ್ರತಿಯ ಜೊತೆಗೆ. ಜಿಜಿಪ್ ಮಾಡಿ ಕಳಿಸುವುದರಿಂದ ದಾರಿಯಲ್ಲಿ ಗಾತ್ರ ಕುಗ್ಗುತ್ತದೆ, ನಿಜ. ಆದರೆ ಫೋನಿನಲ್ಲಿ ಅದನ್ನು ಬಿಡಿಸಿ ಓದುವ ಕೆಲಸ ಕುಗ್ಗುವುದಿಲ್ಲ. ಓದುವ ಬರಹ ಸರ್ವರ್‌ನಲ್ಲೇ ಎಚ್‌ಟಿಎಂಎಲ್ ಆಗಿ, ಒಂದೇ ಸಲ ಹೋಗಲಿ ಎನ್ನುವುದಕ್ಕೆ ಇದಕ್ಕಿಂತ ಸರಳವಾದ ಕಾರಣ ಬೇಕಿಲ್ಲ.

ಬ್ರೌಸರ್ ಪಕ್ಷದವರೇ ಈಗ ಸರ್ವರ್‌ನ ಕಡೆ ತಿರುಗಿರುವುದು ಗಮನಿಸಬೇಕಾದ ಸಂಗತಿ. ಫೇಸ್‌ಬುಕ್ 2010ರಲ್ಲಿ ಎಕ್ಸ್‌ಎಚ್‌ಪಿ ಎಂಬ ಪಿಎಚ್‌ಪಿ ವಿಸ್ತರಣೆಯನ್ನು ಹೊರತಂದಿತ್ತು; ಪಿಎಚ್‌ಪಿ ಕೋಡಿನ ನಡುವೆ ಟ್ಯಾಗ್‌ಗಳನ್ನೇ ಬರೆದು ಬಿಡಿಭಾಗ ಕಟ್ಟುವ ಬಗೆ ಅದು. ರಿಯಾಕ್ಟ್‌ನಲ್ಲಿ ಇಂದು ಬರೆಯುವ ರೀತಿ ಅಲ್ಲಿಂದಲೇ ಬಂದದ್ದು. ಅಂದರೆ ಬಿಡಿಭಾಗದ ಈ ಶೈಲಿ ಸರ್ವರ್‌ನಲ್ಲಿ ಹುಟ್ಟಿ ಬ್ರೌಸರ್‌ಗೆ ಹೋಯಿತು. 2020ರ ಡಿಸೆಂಬರ್‌ನಲ್ಲಿ ರಿಯಾಕ್ಟ್ ತಂಡ ಸರ್ವರ್ ಕಾಂಪೊನೆಂಟ್‌ಗಳನ್ನು, ಅಂದರೆ ಸರ್ವರ್‌ನಲ್ಲೇ ಓಡುವ ಬಿಡಿಭಾಗಗಳನ್ನು, ಪ್ರಕಟಿಸಿದಾಗ ಅದು ತವರಿಗೆ ಮರಳಿತು. ಅದೇ ತಿಂಗಳು ರೈಲ್ಸ್ ಎಂಬ ವೆಬ್ ಸಲಕರಣೆಯ ಬಳಗದಿಂದ ಹಾಟ್‌ವೈರ್ ಬಂತು. ಅದು ಸಿದ್ಧವಾದ ಎಚ್‌ಟಿಎಂಎಲ್ ಚೂರುಗಳನ್ನೇ ಸರ್ವರ್‌ನಿಂದ ತರಿಸಿ ಪುಟದ ಒಂದು ಭಾಗವನ್ನಷ್ಟೇ ಬದಲಿಸುತ್ತದೆ. ಎಚ್‌ಟಿಎಂಎಕ್ಸ್ ಎಂಬ ಲೈಬ್ರರಿ ಕೂಡ ಇದೇ ದಾರಿಯದು.

ಈಗ ಕತ್ತರಿಸುವ ಪ್ರಶ್ನೆಗೆ ಬರೋಣ. ವಿನ್ಯಾಸಗಾರರು ಕೊಟ್ಟ ಚಿತ್ರವನ್ನು ಮುಂದಿಟ್ಟುಕೊಂಡು, ಕಾಣುವ ಪ್ರತಿ ಚೌಕಕ್ಕೂ ಒಂದು ಬಿಡಿಭಾಗ ಎಂದು ಗೆರೆ ಎಳೆಯುವುದು ರೂಢಿ. ಶುರುವಿಗೆ ಇದು ಸಾಕು, ಆದರೆ ಪುಟದ ಮೇಲ್ತುದಿಯ ಪಟ್ಟಿಯನ್ನೇ ನೋಡಿ. ಕಣ್ಣಿಗೆ ಅದು ಒಂದೇ ಚೌಕ. ಒಳಗೆ ಪತ್ರಿಕೆಯ ಹೆಸರು ವರ್ಷಗಟ್ಟಲೆ ಬದಲಾಗದು, ಮೆನು ತಿಂಗಳಿಗೊಮ್ಮೆ ಬದಲಾದೀತು, ಹವಾಮಾನ ಅರ್ಧ ಗಂಟೆಗೊಮ್ಮೆ, ಚಂದಾದಾರರ ಹೆಸರು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಇಡೀ ಪಟ್ಟಿಯನ್ನು ಒಂದೇ ಬಿಡಿಭಾಗ ಮಾಡಿದರೆ ಅದನ್ನು ಕ್ಯಾಶ್‌ನಲ್ಲಿ, ಅಂದರೆ ಮತ್ತೆ ಮತ್ತೆ ಬಳಸುವ ಸಿದ್ಧ ಪ್ರತಿಯಾಗಿ, ಇಡುವಂತಿಲ್ಲ, ಏಕೆಂದರೆ ಅದರಲ್ಲಿ ವ್ಯಕ್ತಿಯ ಹೆಸರಿದೆ. ಇಡದಿದ್ದರೆ ಪ್ರತಿ ಪುಟಕ್ಕೂ ಮೆನುವಿಗಾಗಿ ಡೇಟಾಬೇಸ್ ಕೇಳಬೇಕು. ಅತಿ ಬೇಗ ಹಳತಾಗುವ ಅಂಶವೇ ಇಡೀ ಬಿಡಿಭಾಗದ ಆಯುಸ್ಸನ್ನು ತೀರ್ಮಾನಿಸುತ್ತದೆ. 2001ರಲ್ಲಿ ಅಕಾಮಾಯ್, ಒರಾಕಲ್ ಮೊದಲಾದ ಕಂಪನಿಗಳು ಸೇರಿ ಎಡ್ಜ್ ಸೈಡ್ ಇನ್‌ಕ್ಲೂಡ್ಸ್ ಎಂಬ ಭಾಷೆಯನ್ನು ಮುಂದಿಟ್ಟದ್ದು ಈ ಕಾರಣಕ್ಕೇ: ಪುಟದ ಒಂದೊಂದು ತುಣುಕಿಗೂ ಅದರದೇ ಅವಧಿ ಕೊಟ್ಟು, ಓದುಗರಿಗೆ ಹತ್ತಿರವಿರುವ ಕ್ಯಾಶ್ ಸರ್ವರ್‌ನಲ್ಲಿ ಅವನ್ನು ಜೋಡಿಸುವುದು. ವಾರ್ನಿಶ್ ಎಂಬ ಕ್ಯಾಶ್ ಸರ್ವರ್ ಇಂದಿಗೂ ಅದರ ಒಂದು ಭಾಗವನ್ನು ಬೆಂಬಲಿಸುತ್ತದೆ. ತಾಣ ಚಿಕ್ಕದಿದ್ದರೆ ಇದಾವುದೂ ಬೇಕಿಲ್ಲ. ಆದರೆ ಗೆರೆಯನ್ನು ಅವಧಿಯ ಪ್ರಕಾರ ಎಳೆದಿಟ್ಟರೆ ಮುಂದೆ ಬೇಕಾದಾಗ ಕ್ಯಾಶ್ ಸೇರಿಸುವುದು ಒಂದು ಸಾಲಿನ ಕೆಲಸ.

ಯಾರಿಗಾಗಿ ಎಂಬ ಪ್ರಶ್ನೆ ಅವಧಿಯ ಪ್ರಶ್ನೆಗಿಂತಲೂ ಗಂಭೀರ. 2015ರ ಡಿಸೆಂಬರ್ 25ರಂದು ಸ್ಟೀಮ್ ಎಂಬ ಗೇಮ್ ಮಾರುವ ತಾಣದಲ್ಲಿ ಬಳಕೆದಾರರಿಗೆ ಬೇರೆಯವರ ಖಾತೆಯ ಪುಟಗಳು ಕಾಣತೊಡಗಿದವು. ತಾಣದ ಮೇಲೆ ನಡೆಯುತ್ತಿದ್ದ ದಾಳಿಯನ್ನು ತಡೆಯಲೆಂದು ಬದಲಿಸಿದ ಕ್ಯಾಶ್ ಸೆಟ್ಟಿಂಗ್ ತಪ್ಪಾಗಿ, ಒಬ್ಬರಿಗೆಂದು ತಯಾರಾದ ಪುಟ ಇನ್ನೊಬ್ಬರಿಗೆ ಹೋಗಿತ್ತು. ಸುಮಾರು 34,000 ಬಳಕೆದಾರರ ಮಾಹಿತಿ ಹೀಗೆ ಕಂಡಿರಬಹುದು ಎಂದು ಅದನ್ನು ನಡೆಸುವ ವಾಲ್ವ್ ಕಂಪನಿ ಹೇಳಿತು. ಇಮೇಲ್, ಬಿಲ್ಲಿಂಗ್ ವಿಳಾಸದಂಥ ವಿವರಗಳು ಅದರಲ್ಲಿದ್ದವು. ದೊಡ್ಡ ಕಂಪನಿಗೇ ಹೀಗಾಗಬಹುದಾದರೆ ನಮ್ಮ ಸಹಕಾರಿ ಬ್ಯಾಂಕಿನ, ಪಂಚಾಯಿತಿಯ, ಕಾಲೇಜಿನ ತಾಣ ಕಟ್ಟುವವರು ಇನ್ನಷ್ಟು ಎಚ್ಚರದಿಂದಿರಬೇಕು. ಎಲ್ಲರಿಗೂ ಒಂದೇ ಆಗಿರುವ ಅಂಶವನ್ನೂ ಒಬ್ಬರಿಗೇ ಸೇರಿದ ಅಂಶವನ್ನೂ ಒಂದು ಬಿಡಿಭಾಗದಲ್ಲಿ ಎಂದೂ ಬೆರೆಸಬಾರದು. ಈ ಒಂದು ನಿಯಮವನ್ನು ಯಾವ ಅನುಕೂಲಕ್ಕಾಗಿಯೂ ಬಿಟ್ಟುಕೊಡಬಾರದು ಎಂದೇ ನನ್ನ ಅಭಿಪ್ರಾಯ.

ಗೆರೆ ಎಳೆದಾದ ಮೇಲೆ ಬಿಡಿಭಾಗಕ್ಕೆ ಮಾಹಿತಿ ಹೇಗೆ ಸಿಗಬೇಕು ಎಂಬುದು ಬರುತ್ತದೆ. ಹೊರಗಿನಿಂದ ಕೊಟ್ಟದ್ದನ್ನು ತೋರಿಸುವುದಷ್ಟೇ ಅದರ ಕೆಲಸವಾಗಿರಲಿ. ತಾನೇ ಡೇಟಾಬೇಸಿಗೆ ಹೋಗುವುದು ಬೇಡ. ಮುಖಪುಟದಲ್ಲಿ 20 ಸುದ್ದಿಗಳ ಪಟ್ಟಿ ಇದೆ ಎಂದುಕೊಳ್ಳಿ. ಪ್ರತಿ ಸುದ್ದಿಯ ಬಿಡಿಭಾಗವೂ ವರದಿಗಾರರ ಹೆಸರನ್ನು ತಾನೇ ಹುಡುಕಿ ತರುವಂತೆ ಬರೆದರೆ, ಪಟ್ಟಿಗೆ ಒಂದು, ಹೆಸರುಗಳಿಗೆ 20, ಒಟ್ಟು 21 ಸಲ ಡೇಟಾಬೇಸಿನ ಬಾಗಿಲು ತಟ್ಟಿದಂತೆ. ಪುಟದ ಮಟ್ಟದಲ್ಲೇ ಸುದ್ದಿ ಮತ್ತು ಹೆಸರುಗಳನ್ನು ಒಟ್ಟಿಗೆ ತಂದು ಬಿಡಿಭಾಗಗಳಿಗೆ ಹಂಚಿದರೆ ಒಂದೋ ಎರಡೋ ಸಲ ಸಾಕು. ಬಿಡಿಭಾಗ ತನಗೆ ಬೇಕಾದ್ದನ್ನು ತಾನೇ ತಂದುಕೊಂಡರೆ ಎಲ್ಲಿ ಬೇಕಾದರೂ ಇಡಬಹುದಲ್ಲ, ಮರುಬಳಕೆ ಎಂದರೆ ಅದೇ ಅಲ್ಲವೇ ಎಂದು ಕೆಲವರು ವಾದಿಸುತ್ತಾರೆ. ರಿಯಾಕ್ಟ್‌ನ ಸರ್ವರ್ ಕಾಂಪೊನೆಂಟ್‌ಗಳೂ ಇದಕ್ಕೆ ಅವಕಾಶ ಕೊಡುತ್ತವೆ. ವಾದದಲ್ಲಿ ಹುರುಳಿದೆ. ಆದರೆ ಆಗ ಒಂದೇ ಬಗೆಯ ಬೇಡಿಕೆಗಳನ್ನು ಒಟ್ಟುಗೂಡಿಸಿ ಒಂದೇ ಸಲ ಕೇಳುವ ಇನ್ನೊಂದು ಪದರ ಬೇಕಾಗುತ್ತದೆ, ಅದನ್ನು ಕಟ್ಟಿ ಕಾಪಾಡುವ ಜನವೂ ಬೇಕು. ಇಬ್ಬರು ಮೂವರ ತಂಡಕ್ಕೆ ಮೇಲಿನಿಂದ ಮಾಹಿತಿ ಕೊಡುವ ದಾರಿಯೇ ಹಗುರ. ಅದರಿಂದ ಪರೀಕ್ಷೆಯೂ ಸುಲಭ: ಡೇಟಾಬೇಸ್ ಇಲ್ಲದೆಯೇ ಒಂದಿಷ್ಟು ಮಾಹಿತಿ ಕೊಟ್ಟು, ಬಂದ ಎಚ್‌ಟಿಎಂಎಲ್ ಸರಿಯಿದೆಯೇ ನೋಡಬಹುದು.

ಒಂದು ಚಿಕ್ಕ ಬಿಡಿಭಾಗವನ್ನು ಹತ್ತಿರದಿಂದ ನೋಡೋಣ. ಪಟ್ಟಿಯಲ್ಲಿ ಸುದ್ದಿಯ ಮೊದಲ ಸಾಲುಗಳನ್ನು ಮಾತ್ರ ತೋರಿಸಿ ಮುಂದೆ ಮೂರು ಚುಕ್ಕೆ ಹಾಕುವ ತುಣುಕು ಎಲ್ಲ ತಾಣಗಳಲ್ಲೂ ಇರುತ್ತದೆ. ಇಂಗ್ಲಿಷಿಗೆಂದು ಬರೆದ ಕೋಡ್ ಇಷ್ಟು ಅಕ್ಷರವಾದ ಕೂಡಲೇ ಕತ್ತರಿಸುತ್ತದೆ. ‘ಲಕ್ಷ್ಮಿ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್‌ನ ಲೆಕ್ಕದಲ್ಲಿ 7 ಸಂಕೇತ, 21 ಬೈಟ್. ಸಂಕೇತಗಳ ಲೆಕ್ಕದಲ್ಲಿ ಕತ್ತರಿ ಮೂರನೆಯದರ ಮುಂದೆ ಬಿದ್ದರೆ ಉಳಿಯುವುದು ‘ಲಕ್’. ಪಿಎಚ್‌ಪಿಯ ಸಾಮಾನ್ಯ ಕತ್ತರಿಯಂತೆ ಬೈಟ್‌ಗಳ ಲೆಕ್ಕದಲ್ಲಿ ಹತ್ತನೆಯದರ ಮುಂದೆ ಬಿದ್ದರೆ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕರಿ ವಜ್ರಾಕೃತಿ ಕಾಣಿಸುತ್ತದೆ. ಪರಿಹಾರ ಸರಳ: ಮಿತಿಯ ಹತ್ತಿರದ ಖಾಲಿ ಜಾಗದವರೆಗೆ ಹಿಂದೆ ಬಂದು, ಪದ ಮುಗಿದಲ್ಲೇ ನಿಲ್ಲಿಸುವುದು. ಆದರೆ ಈ ಕತ್ತರಿಸುವ ಕೋಡ್ ಮುಖಪುಟ, ವಿಭಾಗದ ಪುಟ, ಹುಡುಕಾಟದ ಫಲಿತಾಂಶ, ಮೊಬೈಲ್ ಪುಟ ಎಂದು ಎಂಟು ಕಡೆ ಹರಡಿದ್ದರೆ, ಎಂಟರಲ್ಲಿ ಆರು ಕಡೆ ತಿದ್ದಿ ಎರಡು ಮರೆಯುವುದು ಖಂಡಿತ. ಒಂದೇ ಬಿಡಿಭಾಗದಲ್ಲಿದ್ದರೆ ಇಡೀ ತಾಣದ ಕನ್ನಡ ಒಂದೇ ಮಧ್ಯಾಹ್ನದಲ್ಲಿ ಸರಿಹೋಗುತ್ತದೆ. ಮರುಬಳಕೆಯಿಂದ ಟೈಪಿಸುವ ಶ್ರಮ ಉಳಿಯುವುದು ಸಣ್ಣ ಲಾಭ; ತಪ್ಪಿಗೆ ಒಂದೇ ವಿಳಾಸ ಇರುತ್ತದೆ ಎಂಬುದು ದೊಡ್ಡದು.

ಬಿಡಿಭಾಗಗಳೊಳಗೆ ವಾಕ್ಯಗಳನ್ನು ಜೋಡಿಸುವಾಗಲೂ ಕನ್ನಡಕ್ಕೆ ಬೇರೆ ಎಚ್ಚರ ಬೇಕು. ಊರಿನ ಹೆಸರಿನ ಮುಂದೆ ‘ಗೆ’ ಅಂಟಿಸಿ ಬಸ್ಸಿನ ಪಟ್ಟಿ ತೋರಿಸುವ ತುಣುಕು ‘ಹುಬ್ಬಳ್ಳಿಗೆ’ ಎಂದು ಸರಿಯಾಗಿ ಬರೆದು, ಮುಂದಿನ ಸಾಲಿನಲ್ಲೇ ‘ಮಂಡ್ಯಗೆ’, ‘ಮೈಸೂರುಗೆ’ ಎನ್ನುತ್ತದೆ. ಊರಿನ ಹೆಸರಿನ ಪಕ್ಕದಲ್ಲೇ ‘ಮಂಡ್ಯಕ್ಕೆ’, ‘ಮೈಸೂರಿಗೆ’ ಎಂಬ ರೂಪವನ್ನೂ ಡೇಟಾಬೇಸ್‌ನಲ್ಲಿ ಇಟ್ಟು ಬಿಡಿಭಾಗಕ್ಕೆ ಕೊಡಬೇಕು, ಇಲ್ಲವೇ ‘ತಲುಪುವ ಊರು: ಮಂಡ್ಯ’ ಎಂದು ವಾಕ್ಯದ ಹಂಗೇ ಬೇಡವಾಗಿಸಬೇಕು. ಏಕವಚನ ಬಹುವಚನದ ಲೆಕ್ಕವೂ ಹಾಗೆಯೇ. ಯೂನಿಕೋಡ್‌ನ ಸಿಎಲ್‌ಡಿಆರ್ ನಿಯಮದಲ್ಲಿ ಕನ್ನಡಕ್ಕೆ 0 ಮತ್ತು 1 ಒಂದೇ ಗುಂಪಿಗೆ ಸೇರುತ್ತವೆ, ಇಂಗ್ಲಿಷಿನಲ್ಲಿ 0 ಬಹುವಚನದ ಕಡೆಗೆ ಹೋಗುತ್ತದೆ. ಸಂಖ್ಯೆ 1 ಆದರೆ ಮಾತ್ರ ಏಕವಚನ ಎಂದು ಬರೆದ ತುಣುಕು ಕನ್ನಡದಲ್ಲಿ ‘0 ಪ್ರತಿಕ್ರಿಯೆಗಳು’ ಎಂದು ತೋರಿಸುತ್ತದೆ.

ಬಿಡಿಭಾಗಗಳ ವಿರುದ್ಧ ನಾನು ಅತಿ ಹೆಚ್ಚು ತೂಕ ಕೊಡುವ ಆಕ್ಷೇಪವೆಂದರೆ ಅವು ಕಾಲಕ್ರಮದಲ್ಲಿ ಯಾರಿಗೂ ಅರ್ಥವಾಗದಷ್ಟು ಜಟಿಲವಾಗುತ್ತವೆ ಎಂಬುದು. ಇದಕ್ಕೆ ವಿಕಿಪೀಡಿಯಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ. ಕನ್ನಡ ವಿಕಿಪೀಡಿಯದಲ್ಲಿ ‘ಟೆಂಪ್ಲೇಟು’ ಎಂದು ಹೆಸರಿರುವ ಪುಟಗಳು ಸರ್ವರ್‌ನಲ್ಲಿ ಜೋಡಣೆಯಾಗುವ ಬಿಡಿಭಾಗಗಳೇ. ನಗರ, ನದಿ, ಲೇಖಕರ ಪುಟಗಳ ಬಲಬದಿಯಲ್ಲಿ ಕಾಣುವ ಮಾಹಿತಿ ಚೌಕ ಅಂಥದ್ದು. ಲೇಖನ ಬರೆಯುವವರು ಹೆಸರು, ಜಿಲ್ಲೆ, ಜನಸಂಖ್ಯೆ ಎಂದು ತುಂಬಿದರೆ ಸಾಕು, ಚೌಕ ತಾನಾಗಿ ಮೂಡುತ್ತದೆ. ಆದರೆ ಕೊಟ್ಟ ಮಾಹಿತಿಯ ಪ್ರಕಾರ ಚೌಕ ಬೇರೆ ಬೇರೆಯಾಗಿ ಕಾಣಬೇಕು ಎಂಬ ಬೇಡಿಕೆ ಬೆಳೆಯುತ್ತಾ ಹೋಯಿತು. 2006ರಲ್ಲಿ ಟೆಂಪ್ಲೇಟಿನೊಳಗೆ ಷರತ್ತು ಹಾಕುವ ಸೌಲಭ್ಯ ಸೇರಿತು. ಆಮೇಲೆ ಟೆಂಪ್ಲೇಟಿನೊಳಗೆ ಟೆಂಪ್ಲೇಟು, ಅದರೊಳಗೆ ಷರತ್ತು, ಷರತ್ತಿನೊಳಗೆ ಮತ್ತೊಂದು ಟೆಂಪ್ಲೇಟು. ನೂರಾರು ಉಲ್ಲೇಖಗಳಿರುವ ಲೇಖನವನ್ನು ಜೋಡಿಸಲು ಸರ್ವರ್ ಏದುಸಿರು ಬಿಡುವಂತಾಗಿ, 2013ರಲ್ಲಿ ಲುವಾ ಎಂಬ ನಿಜವಾದ ಪ್ರೋಗ್ರಾಮಿಂಗ್ ಭಾಷೆಯನ್ನು ಒಳಗೆ ಬಿಟ್ಟುಕೊಳ್ಳಬೇಕಾಯಿತು. ಹಾಗಿದ್ದೂ ಒಂದು ಪುಟದ ಲುವಾ ಕೋಡ್‌ಗೆ 10 ಸೆಕೆಂಡು, ಟೆಂಪ್ಲೇಟುಗಳು ಬಿಚ್ಚಿಕೊಂಡ ಗಾತ್ರಕ್ಕೆ 2 ಎಂಬಿ ಎಂಬ ಕಟ್ಟುಪಾಡುಗಳಿವೆ. ಸಾವಿರಾರು ಪುಟಗಳಲ್ಲಿ ಬಳಕೆಯಾಗುವ ಟೆಂಪ್ಲೇಟು ತಿದ್ದಿದರೆ ಆ ಪುಟಗಳನ್ನೆಲ್ಲ ಮತ್ತೆ ಕಟ್ಟುವ ಕೆಲಸ ಸರದಿಗೆ ಸೇರುತ್ತದೆ. ಅದಕ್ಕೇ ಅಂಥವನ್ನು ಎಲ್ಲರೂ ತಿದ್ದದಂತೆ ರಕ್ಷಿಸಿಡುತ್ತಾರೆ.

ಈ ಇತಿಹಾಸದಿಂದ ಬಿಡಿಭಾಗಗಳೇ ಬೇಡ ಎಂಬ ತೀರ್ಮಾನಕ್ಕೆ ಬರುವುದು ಅವಸರ. ಟೆಂಪ್ಲೇಟುಗಳಿಲ್ಲದೆ ಸ್ವಯಂಸೇವಕರು ಅಷ್ಟು ಲೇಖನಗಳನ್ನು ಒಂದೇ ಹದದಲ್ಲಿ ಕಾಪಾಡಲು ಆಗುತ್ತಿರಲಿಲ್ಲ. ಬಿಡಿಭಾಗ ತೋರಿಸುವ ಕೆಲಸ ಬಿಟ್ಟು ತೀರ್ಮಾನಿಸುವ ಕೆಲಸಕ್ಕೆ ಇಳಿದದ್ದು ಅಲ್ಲಿ ತೊಂದರೆ ತಂದಿತು. ಆದ್ದರಿಂದ ಒಂದು ಬಿಡಿಭಾಗಕ್ಕೆ ಇದನ್ನು ತೋರಿಸು, ಅದನ್ನು ಬಚ್ಚಿಡು, ಈ ಪುಟದಲ್ಲಿ ಹೀಗೆ, ಆ ಪುಟದಲ್ಲಿ ಹಾಗೆ ಎಂಬ ಸೂಚನೆಗಳು ಮೂರು ನಾಲ್ಕನ್ನು ದಾಟಿದರೆ, ಅದನ್ನು ಎರಡು ಸರಳ ಬಿಡಿಭಾಗಗಳಾಗಿ ಒಡೆಯುವುದು ಲೇಸು. ಎರಡರಲ್ಲೂ ಹತ್ತು ಸಾಲು ಒಂದೇ ಥರ ಇದ್ದರೂ ಚಿಂತೆಯಿಲ್ಲ.

ಸರ್ವರ್ ಮೇಲೆ ಹೊರೆ ಬೀಳುತ್ತದೆ, ಒಂದು ಭಾಗ ತಡವಾದರೆ ಇಡೀ ಪುಟ ಕಾಯಬೇಕು ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಹಳೆಯದೇ. ಫೇಸ್‌ಬುಕ್ 2010ರಲ್ಲಿ ವಿವರಿಸಿದ ಬಿಗ್‌ಪೈಪ್ ವಿಧಾನದಲ್ಲಿ ಸರ್ವರ್ ಮೊದಲು ಪುಟದ ಅಸ್ಥಿಪಂಜರವನ್ನು ಕಳಿಸಿ, ಒಂದೊಂದು ಭಾಗ ಸಿದ್ಧವಾದ ಹಾಗೆ ಅದೇ ಸಂಪರ್ಕದಲ್ಲಿ ಹಿಂದಿನಿಂದ ಕಳಿಸುತ್ತಿತ್ತು. ಎಚ್‌ಟಿಟಿಪಿಯಲ್ಲಿ ಉತ್ತರವನ್ನು ತುಂಡು ತುಂಡಾಗಿ ಕಳಿಸುವ ಅನುಕೂಲ 1990ರ ದಶಕದಿಂದಲೇ ಇದೆ. ಹವಾಮಾನದ ಸೇವೆ ಉತ್ತರ ಕೊಡದಿದ್ದರೆ ಇಂತಿಷ್ಟು ಹೊತ್ತು ಕಾದು ಆ ಭಾಗವನ್ನು ಬಿಟ್ಟು ಪುಟ ಕಳಿಸಬೇಕು. ಒಂದು ಬಿಡಿಭಾಗದ ಸೋಲು ಪುಟದ ಸೋಲಾಗಬಾರದು. ಓದುವ ಪುಟದ ನಡುವೆ ಚಟುವಟಿಕೆ ಬೇಕಿದ್ದರೆ, ಅಂದರೆ ಹುಡುಕಾಟದ ಪೆಟ್ಟಿಗೆಯೋ ಮತದಾನದ ಗುಂಡಿಯೋ ಇದ್ದರೆ, ಆ ಭಾಗಕ್ಕಷ್ಟೇ ಜಾವಾಸ್ಕ್ರಿಪ್ಟ್ ಕೊಡಿ. ಆಸ್ಟ್ರೋದಂಥ ಸಲಕರಣೆಗಳು ಇದನ್ನು ದ್ವೀಪಗಳ ವಿನ್ಯಾಸ ಎಂದು ಕರೆದು ಚೆನ್ನಾಗಿ ನಿಭಾಯಿಸುತ್ತವೆ.

ಸರ್ವರ್‌ನಲ್ಲಿದೆ ಎಂದ ಮಾತ್ರಕ್ಕೆ ಸುರಕ್ಷಿತ ಎಂದುಕೊಳ್ಳಬೇಡಿ. 2025ರ ಡಿಸೆಂಬರ್‌ನಲ್ಲಿ ರಿಯಾಕ್ಟ್ ಸರ್ವರ್ ಕಾಂಪೊನೆಂಟ್‌ಗಳಲ್ಲಿ ಹೊರಗಿನವರು ಸರ್ವರ್‌ನಲ್ಲೇ ತಮ್ಮ ಕೋಡ್ ಓಡಿಸಬಹುದಾದ ದೋಷ ಬೆಳಕಿಗೆ ಬಂದು, ತಾಣಗಳನ್ನು ತುರ್ತಾಗಿ ಹೊಸ ಆವೃತ್ತಿಗೆ ಏರಿಸಬೇಕಾಯಿತು. ಬ್ರೌಸರ್ ಮತ್ತು ಸರ್ವರ್ ನಡುವೆ ಓಡಾಡುವ ಸಂದೇಶ ಸಂಕೀರ್ಣವಾದಷ್ಟೂ ಇಂಥ ಬಿರುಕುಗಳಿಗೆ ಜಾಗ ಹೆಚ್ಚು. ಬರೀ ಎಚ್‌ಟಿಎಂಎಲ್ ಕಳಿಸುವ ಹಳೆಯ ಟೆಂಪ್ಲೇಟ್‌ಗಳ ಪರವಾಗಿ ಇದೊಂದು ಬಲವಾದ ಮಾತು. ಅಲ್ಲಿಯೂ ಓದುಗರು ಬರೆದ ಪ್ರತಿಕ್ರಿಯೆಯೊಳಗಿನ ಟ್ಯಾಗ್‌ಗಳನ್ನು ನಿಷ್ಕ್ರಿಯಗೊಳಿಸದೆ ಪುಟಕ್ಕೆ ಹಾಕಬಾರದು. ಜಾಂಗೊ 2008ರ 1.0 ಆವೃತ್ತಿಯಿಂದ, ರೈಲ್ಸ್ 2010ರ ಮೂರನೆಯ ಆವೃತ್ತಿಯಿಂದ ಇದನ್ನು ತಾವಾಗಿಯೇ ಮಾಡುತ್ತವೆ. ಬರಿಯ ಪಿಎಚ್‌ಪಿಯಲ್ಲಿ ನೀವೇ ಮಾಡಬೇಕು.

ಈಗಾಗಲೇ ಓಡುತ್ತಿರುವ ಹಳೆಯ ತಾಣವನ್ನು ಹೀಗೆ ಬದಲಿಸಬೇಕಿದ್ದರೆ ಎಲ್ಲವನ್ನೂ ಕೆಡವಿ ಕಟ್ಟಲು ಹೋಗಬೇಡಿ. ತಳದ ಪಟ್ಟಿಯಿಂದ ಶುರುಮಾಡಿ. ಅದು ಎಲ್ಲ ಪುಟಗಳಲ್ಲೂ ಇರುತ್ತದೆ, ಯಾರ ಹೆಸರನ್ನೂ ಹೊತ್ತಿರುವುದಿಲ್ಲ, ಅಪರೂಪಕ್ಕೆ ಬದಲಾಗುತ್ತದೆ. ಬೇರ್ಪಡಿಸುವ ಮೊದಲು ಕೆಲವು ಪುಟಗಳ ಎಚ್‌ಟಿಎಂಎಲ್ ಉಳಿಸಿಟ್ಟುಕೊಂಡು, ಬೇರ್ಪಡಿಸಿದ ಮೇಲೆ ಸರ್ವರ್ ಕೊಡುವುದರ ಜೊತೆ ಹೋಲಿಸಿ. ಒಂದು ಅಕ್ಷರವೂ ಹೆಚ್ಚುಕಡಿಮೆ ಆಗಿರಬಾರದು. ಆಮೇಲೆ ಮೆನು, ದಿನಾಂಕ, ಸುದ್ದಿಯ ಮೊದಲ ಸಾಲುಗಳ ತುಣುಕು. ಪ್ರತಿ ಬಿಡಿಭಾಗದ ಕಡತದ ತಲೆಯಲ್ಲಿ ಮೂರು ಸಂಗತಿ ಕನ್ನಡದಲ್ಲೇ ಬರೆದಿಡಿ: ಇದಕ್ಕೆ ಏನೇನು ಕೊಡಬೇಕು, ಎಷ್ಟು ಹೊತ್ತು ಕ್ಯಾಶ್‌ನಲ್ಲಿ ಇರಬಹುದು, ಎಲ್ಲರಿಗೋ ಒಬ್ಬರಿಗೋ. ಮೂರನೆಯದಕ್ಕೆ ಉತ್ತರ ಬರೆಯಲು ಕೈ ತಡೆದರೆ ಆ ಭಾಗವನ್ನು ಇನ್ನೂ ಒಡೆಯಬೇಕು ಎಂದೇ ಅರ್ಥ. ಒಂದೇ ಪುಟದಲ್ಲಿ ಒಮ್ಮೆ ಮಾತ್ರ ಬರುವ, ಸುತ್ತಲಿನದರ ಜೊತೆಗೇ ಬದಲಾಗುವ ಭಾಗವನ್ನು ಪುಟದೊಳಗೇ ಬಿಟ್ಟುಬಿಡಿ.